ರತ್ನಮ್ಮನವರ ಪಾಳಿಯಲ್ಲಿ ತಪ್ಪುತ್ತಿದ್ದ ಚಿತ್ರಗಳು

ಕೆಲವು ವರ್ಷಗಳ ಹಿಂದೆ ನಾನು ಬೆಳ್ಳಂದೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ನೆಟ್‌ವರ್ಕ್ ಎಂಜಿನಿಯರ್ ಆಗಿದ್ದೆ. ಪೀಣ್ಯದ ಕಾರ್ಖಾನೆಯೊಂದರಿಂದ ಕರೆ ಬಂತು. ಅಲ್ಲಿ ತಯಾರಾಗುವ ಬ್ರೇಕಿನ ಬಿಡಿಭಾಗಗಳನ್ನು ಕ್ಯಾಮೆರಾಗಳು ಪರೀಕ್ಷಿಸಿ, ಚಿತ್ರಗಳನ್ನು ಸರ್ವರ್‌ಗೆ ಕಳಿಸುತ್ತಿದ್ದವು. ಕೆಲವು ಭಾಗಗಳ ಚಿತ್ರ ಮಾತ್ರ ಸರ್ವರ್ ತಲುಪುತ್ತಿರಲಿಲ್ಲ.

ಗುಣಮಟ್ಟ ವಿಭಾಗದ ಮುಖ್ಯಸ್ಥ ಶಿವಕುಮಾರ್ ನನಗೆ ಕೂರಲೂ ಹೇಳದೆ ತೀರ್ಪು ಕೊಟ್ಟರು. ಆಪರೇಟರ್ ರತ್ನಮ್ಮ ಪರೀಕ್ಷೆ ತಪ್ಪಿಸಿ ಮಾಲು ಮುಂದೆ ತಳ್ಳುತ್ತಾಳೆ, ಚಿತ್ರ ತಪ್ಪುವುದು ಅವಳ ಪಾಳಿಯಲ್ಲಿ ಮಾತ್ರ, ಈಗ ಅವಳನ್ನು ಪ್ಯಾಕಿಂಗ್‌ಗೆ ಹಾಕಿದ್ದೇವೆ ಎಂದರು. ಸರ್ವರ್ ಸರಿಯಿದೆ ಎಂದು ನಾನು ಹೇಳಿಬಿಟ್ಟರೆ ಅವರನ್ನು ಕೆಲಸದಿಂದ ತೆಗೆಯುವುದಷ್ಟೇ ಬಾಕಿ.

ಬೇರೆ ಆಪರೇಟರ್ ಯಂತ್ರ ನಡೆಸಿದಾಗ ನಿಜಕ್ಕೂ ಒಂದು ಚಿತ್ರವೂ ತಪ್ಪಲಿಲ್ಲ. ಶಿವಕುಮಾರ್ ಗೆದ್ದವರಂತೆ ನೋಡಿದರು. ನಾನು ರತ್ನಮ್ಮನವರನ್ನೇ ಕರೆಸಿ ಎಂದೆ. ಅವರು ಲೈನಿನಲ್ಲಿದ್ದವರೆಲ್ಲ ಕೇಳುವಂತೆ ದನಿ ಏರಿಸಿದರು.

"ಆ ಕಳ್ಳಿನ ಮತ್ತೆ ಲೈನ್ ಮೇಲೆ ಬಿಡಲ್ಲ ಮೇಡಂ."

"ಹಾಗಾದ್ರೆ ಸರ್ವರ್ ಸರಿಯಿದೆ ಅಂತ ನಾನು ಹೇಳಲ್ಲ."

ರತ್ನಮ್ಮ ಬಂದರು, ಯಾರ ಮುಖವನ್ನೂ ನೋಡಲಿಲ್ಲ. ಅವರ ಕೈ ಓಡತೊಡಗಿದಂತೆ ಕಾರಣ ತಿಳಿಯಿತು. ಅಲ್ಲಿ ಕ್ಯಾಮೆರಾದ ಮುಂದೆ ಅಷ್ಟು ವೇಗವಾಗಿ ಭಾಗ ಜೋಡಿಸಿಡುವವರು ಬೇರೆ ಯಾರೂ ಇರಲಿಲ್ಲ. ಚಿತ್ರಗಳು ಒಂದರ ಬೆನ್ನಿಗೊಂದು ನುಗ್ಗುತ್ತಿದ್ದವು. ಡೇಟಾ ಒಳಗೆ ತರಲು ಸರ್ವರ್‌ಗೆ ಹೊಸದಾಗಿ ಹಾಕಿದ್ದ ನೆಟ್‌ವರ್ಕ್ ಅಡಾಪ್ಟರ್‌ನ ಸೆಟ್ಟಿಂಗ್‌ಗಳನ್ನು ಯಾರೂ ಮುಟ್ಟಿರಲಿಲ್ಲ. ಬಂದ ಡೇಟಾ ಕ್ಷಣಕಾಲ ಕಾಯುವ ಜಾಗವಾದ ರಿಸೀವ್ ಬಫರ್ ತೀರಾ ಚಿಕ್ಕದಿತ್ತು. ಅದು ತುಂಬಿದೊಡನೆ ಉಳಿದ ಡೇಟಾ ಬಿದ್ದುಹೋಗುತ್ತಿತ್ತು, ಅದರೊಂದಿಗೆ ಚಿತ್ರವೂ.

ಲೈನ್ ನಿಲ್ಲಿಸಿ ಬಫರ್ ಹಿಗ್ಗಿಸಿದೆ. ಡೇಟಾದ ದೊಡ್ಡ ಪ್ಯಾಕೆಟ್‌ಗಳು ಹಾಯುವಂತೆ ಕ್ಯಾಮೆರಾ, ಸ್ವಿಚ್, ಸರ್ವರ್ ಮೂರರಲ್ಲೂ ಜಂಬೋ ಫ್ರೇಮ್ ಚಾಲೂ ಮಾಡಿದೆ. ರತ್ನಮ್ಮ ಮತ್ತೆ ನಡೆಸಿದರು, ಮೊದಲಿಗಿಂತಲೂ ಜೋರಾಗಿ, ಸಿಟ್ಟಿನಿಂದಲೇ ಇರಬೇಕು. ಒಂದೂ ತಪ್ಪಲಿಲ್ಲ.

ಸುತ್ತಲಿನವರಿಗೆ ಕೇಳುವಂತೆ ಕಾರಣ ವಿವರಿಸಿದೆ. ಒಳಗೆ ಕೂತು ಮಾತಾಡೋಣ ಎಂದು ಶಿವಕುಮಾರ್ ತಡೆಯಲು ನೋಡಿದರು, ನಾನು ನಿಲ್ಲಿಸಲಿಲ್ಲ. ಅವರು ರತ್ನಮ್ಮನವರ ಕಡೆ ತಿರುಗಿ, ನಾಳೆಯಿಂದ ಲೈನಿಗೆ ಬಾ ಎಂದಷ್ಟೇ ಹೇಳಿದರು.

"ಕಳ್ಳಿ ಅಂತ ಎಲ್ಲಾರ್ ಮುಂದೆ ಅಂದ್ರಲ್ಲ ಸಾರ್. ಅಲ್ಲ ಅನ್ನೋದ್ನೂ ಇಲ್ಲೇ ಏಳಿ. ಆಮೇಲ್ ಬತ್ತೀನಿ."

ಶಿವಕುಮಾರ್ ತಮ್ಮ ಕೋಣೆಗೆ ಹೊರಟುಹೋದರು. ರತ್ನಮ್ಮ ಕೈಗವಸು ಕಳಚಿ ಯಂತ್ರದ ಮೇಲಿಟ್ಟು ಪ್ಯಾಕಿಂಗ್‌ಗೆ ನಡೆದರು. ಆಮೇಲೆ ಪಕ್ಕದ ರಸ್ತೆಯ ಇನ್ನೊಂದು ಕಾರ್ಖಾನೆ ಸೇರಿದರಂತೆ. ಶಿವಕುಮಾರ್ ಅವರ ಕಾರ್ಖಾನೆಗೆ ನನ್ನನ್ನು ಮತ್ತೆ ಕರೆಯಲಿಲ್ಲ.

ಅಂದಿನಿಂದ, ಯಾರನ್ನಾದರೂ ತಪ್ಪಿತಸ್ಥರೆಂದು ತೋರಿಸಿ ನನ್ನನ್ನು ಕೆಲಸಕ್ಕೆ ಕರೆದರೆ, ಮೊದಲು ಅವರನ್ನೇ ಯಂತ್ರದ ಮುಂದೆ ಕರೆಸುತ್ತೇನೆ. ದೋಷ ಸಿಕ್ಕಮೇಲೆ ಅದನ್ನು ಆರೋಪ ಹೊರಿಸಿದ ಜಾಗದಲ್ಲೇ ನಿಂತು ಹೇಳುತ್ತೇನೆ. ಅಡಾಪ್ಟರ್ ಸರಿಮಾಡುವುದು ನನ್ನ ಕೈಯಲ್ಲಿತ್ತು. ಶಿವಕುಮಾರ್ ಬಾಯಿಂದ 'ಕಳ್ಳಿ ಅಲ್ಲ' ಎಂಬ ಒಂದು ಮಾತು ಹೊರಡಿಸುವುದು ಇರಲಿಲ್ಲ.