ಫ್ರೆಂಚ್ ಕಾದಂಬರಿಕಾರ್ತಿ ಮತ್ತು ಅರಿಶಿನ ದಾರ

ಅಂದು ಭೀಮನ ಅಮಾವಾಸ್ಯೆ. ಬೆಳಿಗ್ಗೆ ಲಂಡನ್ನಿನ ಕ್ರೋಯ್ಡನ್‌ನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ, ಆಸ್ಪತ್ರೆಯ ಕೆಲಸಕ್ಕೆ ಹೊರಟ ಯಜಮಾನರನ್ನು ಕೂರಿಸಿ ಪಾದ ತೊಳೆಯುತ್ತಿದ್ದೆ. ಹಾಲು ಕೇಳಲು ಬಂದ ಕೆಳಗಿನ ಮನೆಯ ಫ್ರೆಂಚ್ ಕಾದಂಬರಿಕಾರ್ತಿ ಬಾಗಿಲಲ್ಲೇ ನಿಂತರು.

"ಪ್ರೀತಿ ಲಿಫ್ಟು, ಮದುವೆ ಮೆಟ್ಟಿಲು. ಯಾರ ಜೊತೆ ಯಾರು ಇಳಿದರು ಅಂತ ಇಣುಕೋದು ಸಮಾಜ" ಎಂದು ಕನ್ನಡಕ ಒರೆಸುತ್ತಾ ಸದಾ ಹೇಳುವವರು. ಅಂದೂ ಒರೆಸಿಕೊಂಡರು.

"ಅವರು ನಿಮ್ಮ ಕಾಲು ಯಾವತ್ತು ತೊಳೀತಾರೆ?"

ಯಜಮಾನರು ನಕ್ಕರು. ಗಂಡನ ಆಯುಸ್ಸಿಗೆಂದು ಕೈಗೆ ಕಟ್ಟಿದ್ದ ಅರಿಶಿನ ದಾರವನ್ನು ಬಿಚ್ಚಲೋ ಬೇಡವೋ ಎಂದು ದಿನವಿಡೀ ತಿರುಗಿಸುತ್ತಲೇ ಇದ್ದೆ.

ಸಂಜೆ ಎದುರು ಮನೆಯ ಧಾರವಾಡದ ಅಕ್ಕ ಕಸದ ಚೀಲ ಹಿಡಿದು ಹೋಗುತ್ತಾ ಅಂದರು:

"ನಿಮ್ಮ ಫ್ರೆಂಚ್ ಬಾಯಿಯವರು ಮಧ್ಯಾಹ್ನ ನಮ್ಮನಿಗೆ ಬಂದಿದ್ರು ನೋಡ್ರಿ. ಗಂಡ ಬಿಟ್ಟು ಹೋಗಿದ್ರೂ ಆ ದಾರ ಕಟ್ಕೋಬಹುದೇನು ಅಂತ ಕೇಳಿದ್ರು."