ಸೀತಾಳೆಯ ಹಿಂದಿನ ಕೆಂಪು ಸೀರೆ

ಹೂವಿನ ಪಟ ತೆಗೆಯುವುದು ಸುಲಭ, ಹೂವೇನು ಎದ್ದು ಓಡುತ್ತದೆಯೇ ಎಂದು ನನ್ನನ್ನು ಛೇಡಿಸಿದವರು ಬಹಳ. ನನಗೆ ಗೊತ್ತು, ಅದು ಬಿಸಿಲಿನ ಜೊತೆ ಜಗಳ. ಕ್ಲೋಸ್‌ಪೇಟೆಯಲ್ಲಿ ಮೇಷ್ಟರಾಗಿದ್ದಾಗ ಬೆಂಗಳೂರು ದಂಡಿನಿಂದ ಒಂದು ಹಳೆಯ ಕ್ಯಾಮೆರಾ ತಂದಿದ್ದೆ. ರಜೆ ಬಂತೆಂದರೆ ಅದನ್ನು ಗಾಡಿಗೆ ಹೇರಿಕೊಂಡು ಮಾಗಡಿ ಸೀಮೆಯ ಕಲ್ಯಕ್ಕೆ, ನಮ್ಮ ಮನೆಗೆ ಹೋಗುತ್ತಿದ್ದೆ. ಮನೆಮಂದಿ, ನೆಂಟರು ಎಲ್ಲರೂ ಅದರ ಮುಂದೆ ಕೂತರು, ಅಕ್ಕನೊಬ್ಬಳನ್ನು ಬಿಟ್ಟು.

ಅಕ್ಕ ಗಂಡನನ್ನು ಕಳೆದುಕೊಂಡು ತೌರಿಗೆ ಬಂದಾಗ ಇನ್ನೂ ಚಿಕ್ಕವಳು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. "ನಂದೂ ಒಂದು ತೆಗೆಯೋ, ಹೇಗಾಗಿದೀನೋ ನೋಡ್ಕೋಬೇಕು" ಎಂದು ಒಂದು ದಿನ ಕೇಳಿದಳು. ಜಗುಲಿಯಲ್ಲಿದ್ದ ಅಪ್ಪನ ಕಿವಿಗೆ ಬಿತ್ತು. "ಅವಳಿಗ್ಯಾಕೋ ಪಟ? ನಾಲ್ಕು ಜನ ಏನಂದಾರು?" ಎಂದರು. ಆ ನಾಲ್ಕು ಜನ ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಸಿಕ್ಕಿದ್ದರೆ ಅವತ್ತೇ ಜನ್ಮ ಜಾಲಾಡುತ್ತಿದ್ದೆ. ಅಕ್ಕ ಮಾತ್ರ ಆಮೇಲೂ ನಾನು ಕ್ಯಾಮೆರಾ ಹೂಡಿದಾಗಲೆಲ್ಲ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಸೀತಾಳೆ ಗಿಡ ಅವಳದು. ನಮ್ಮ ಹೊಲ ಮಾಡುತ್ತಿದ್ದ ಗೌಡರು ತಂದುಕೊಟ್ಟಿದ್ದರು. "ಸಾವನದುರ್ಗದ ಕಾಡಲ್ಲಿ ಮರದ್ ಮ್ಯಾಲಿತ್ತು ಕಣವ್ವ. ಒಸಿ ನೀರು ಚಿಮುಕುಸ್ತಿರು, ಬದ್ಕತೈತೆ" ಎಂದಿದ್ದರು. ಅಕ್ಕ ಅದನ್ನು ತೆಂಗಿನ ನಾರಿನಿಂದ ಒಂದು ಕೊರಡಿಗೆ ಕಟ್ಟಿ ಹಿತ್ತಲಲ್ಲಿ ತೂಗುಹಾಕಿದಳು. ಆ ವರ್ಷ ಬಿಳಿಯ ಗೊಂಚಲು ಇಳಿಬಿತ್ತು. ಅವಳು ಮುಡಿಯುವ ಹಾಗಿರಲಿಲ್ಲ. "ಇದರದ್ದಾದ್ರೂ ತೆಗಿ" ಎಂದಳು.

ಹಿತ್ತಲ ಬಿಸಿಲಲ್ಲಿ ತೆಗೆದರೆ ಹೂವು ಸುಣ್ಣದ ಉಂಡೆಯಂತೆ ಬಂತು. ಕೊರಡನ್ನು ಮನೆಯೊಳಗಿನ ತೊಟ್ಟಿಯಂಗಳಕ್ಕೆ ತಂದು ಮೇಲೆ ತೆಳು ಪಂಚೆ ಕಟ್ಟಿದೆ, ಬೆಳಕು ಮೆತ್ತಗಾಯಿತು. ನೆರಳಿನ ಮಗ್ಗುಲಿಗೆ ಹಿತ್ತಾಳೆ ತಟ್ಟೆ ಹಿಡಿದರೆ ಎಸಳೆಲ್ಲ ಕಣ್ಣು ಕುಕ್ಕುವಂತೆ ಹೊಳೆದವು. ಅದನ್ನು ಎಸೆದು ಬಿಳಿ ಟವಲು ಇಳಿಬಿಟ್ಟೆ. ಉಳಿದದ್ದು ಹಿನ್ನೆಲೆ. ಸುಣ್ಣದ ಗೋಡೆಯ ಮುಂದೆ ಬಿಳಿ ಹೂವು ಕಾಣುವುದೆಲ್ಲಿಂದ ಬಂತು? ಕಪ್ಪು ಬೇಕಿತ್ತು. ನಾನು ತಲೆಗೆ ಮುಸುಕು ಹಾಕಿಕೊಳ್ಳುವ ಕಪ್ಪು ಬಟ್ಟೆ ತೂತುಮಯ. ಹೊಸದಾಗಿ ಕರಿ ಬಟ್ಟೆ ತರಲು ಅಪ್ಪ ಬಿಡರು, ಅಪಶಕುನವಂತೆ.

ಪಟ ಮೂಡುವ ಆಗಿನ ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣಿಸುತ್ತಿರಲಿಲ್ಲ. ಹೆಂಗಸರ ಹಣೆಯ ಕುಂಕುಮವೂ ಪಟದಲ್ಲಿ ಕಪ್ಪಾಗಿಯೇ ಬೀಳುತ್ತಿತ್ತು. ಗಳುವಿನ ಮೇಲೆ ಅಕ್ಕನ ಇನ್ನೊಂದು ಕೆಂಪು ಸೀರೆ ಒಣಗುತ್ತಿತ್ತು. ಕೈ ಚಾಚಿದೆ.

"ಮುಟ್ಟಬೇಡ್ವೋ, ಮಡಿ! ತಡಿ, ನಾನೇ ಹಿಡ್ಕೋತೀನಿ" ಎಂದು ಅಕ್ಕ ಓಡಿಬಂದಳು. ಹೂವಿನ ಹಿಂದೆ ನಿಂತು ಎರಡೂ ಕೈಯಲ್ಲಿ ಸೀರೆ ಹರಡಿದಳು. ಅವಳ ಮುಖ ಸೀರೆಯ ಅಂಚಿನ ಮೇಲೆ ಕಾಣುತ್ತಿತ್ತು, ನಗುತ್ತಿದ್ದಳು.

"ಪಟ ಹೂವಿಂದೇ ತಾನೆ?" ಎಂದು ಜಗುಲಿಯಿಂದ ಅಪ್ಪ ಕೂಗಿದರು.

ಅಕ್ಕ ಸೀರೆಯನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದಳು. ನಾನು ಮುಸುಕಿನೊಳಗೆ ತಲೆ ಹಾಕಿದೆ.

ಅಷ್ಟು ಹತ್ತಿರದಿಂದ ತೆಗೆಯಬೇಕಾದರೆ ಕ್ಯಾಮೆರಾದ ತಿದಿಯನ್ನು ಪೂರ್ತಿ ಎಳೆಯಬೇಕು. ಆಗ ಒಳಗೆ ಬೆಳಕು ಸಾಲದೆ ಬಹಳ ಹೊತ್ತು ಅದರ ಬಾಯಿಯ ಮುಚ್ಚಳ ತೆರೆದಿಡಬೇಕು. ಸೀರೆಯ ಗಾಳಿಗೆ ಹೂವು ಅಲ್ಲಾಡೀತೆಂದು ಅಕ್ಕ ಉಸಿರು ಬಿಗಿಹಿಡಿದು ನಿಂತಳು. ಮುಚ್ಚಳ ಹಾಕಿದ ಮೇಲೆ ಸೀರೆಯ ಹಿಂದಿನಿಂದಲೇ ಕೇಳಿದಳು:

"ನಾನು ಬೀಳ್ತೀನೇನೋ ಅದರಲ್ಲಿ?"

"ಸೀರೆ ಬೀಳುತ್ತೆ ಅಕ್ಕ."

"ಅಷ್ಟಾದ್ರೂ ಆಯ್ತಲ್ಲ" ಎಂದಳು.

ಪಟ ಚೆನ್ನಾಗಿ ಬಂತು. ಎಸಳು ಎಸಳೂ ಬಿಡಿಸಿಟ್ಟಂತೆ, ಹಿಂದೆಲ್ಲ ಗಾಢ ಕಪ್ಪು. ಮುಂದಿನ ಚಳಿಗಾಲಕ್ಕೆ ಪ್ಲೇಗು ಬಂದು ಊರವರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಕ್ಕ ಅಲ್ಲೇ ತೀರಿಹೋದಳು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಮುಖ ಕೊನೆಗೂ ನನಗೆ ಸಿಗಲಿಲ್ಲ.

ಅಕ್ಕನ ವರ್ಷಾಂತಿಕ ಕಳೆದ ಸಂಜೆ ಅಪ್ಪ ನನ್ನ ಹತ್ತಿರ ಬಂದು ಕೂತರು. "ಅವಳ ಮುಖ ನೆನಪಿಗೇ ಬರ್ತಿಲ್ಲ ಕಣೋ. ಒಂದಾದ್ರೂ ಪಟ ಇದ್ಯೇನೋ?"

ನಾನು ಸೀತಾಳೆಯ ಪಟ ತಂದು ಕೈಗಿತ್ತೆ. ಅಪ್ಪ ಕನ್ನಡಕ ಏರಿಸಿ ಹುಡುಕಿದರು. "ಎಲ್ಲೋ?"

"ಹೂವಿನ ಹಿಂದೆ. ಕಪ್ಪಗಿದೆಯಲ್ಲ, ಅಲ್ಲಿ."