ಹೆಡ್‌ಫೋನಿನಲ್ಲಿ ನಾನೊಬ್ಬನೇ

ಲ್ಯಾಪ್‌ಟಾಪಿಗೆ ಹೆಡ್‌ಫೋನ್ ಚುಚ್ಚಿ, ಕಣ್ಣು ಮುಚ್ಚಿ, ದೊಡ್ಡಮ್ಮನ ದನಿಗೆ ಕಾದೆ. ಬಂದದ್ದು ನನ್ನ ದನಿ. "ಹೂಂ, ಆಮೇಲೆ?" ಹಿಂದೆ ಕೋಳಿ, ಒಂದು ಬೈಕು. ಮತ್ತೆ ನಾನು: "ಬಹಳ ನೋವಾಗಿರಬೇಕಲ್ಲ?" ಉತ್ತರ ಇರಬೇಕಾದ ಕಡೆ ಬಾವಿಯೊಳಗಿನ ಗೊಣಗು. ನಲವತ್ತು ನಿಮಿಷ ನಾನು ನನ್ನನ್ನೇ ಸಂದರ್ಶಿಸಿದ್ದೆ. ನನ್ನ ಪುಸ್ತಕ ಓದಿದವರು ಇದರಲ್ಲಿ ಹೊಸದೇನು ಅಂದಾರು.

ದೊಡ್ಡಮ್ಮನದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ರೇಷ್ಮೆಹುಳು ಸಾಕುವ ಮನೆ. ಅವಳನ್ನು ನೋಡಲು ಬಂದ ಗೌರಿಬಿದನೂರಿನ ಗಂಡಿನವರು ಹುಡುಗಿ ಬೇಡವೆಂದು ಎದ್ದು ಹೋದರು ಎನ್ನುವುದು ನಮ್ಮ ಬಂಧುಬಳಗದಲ್ಲಿ ಐವತ್ತು ವರ್ಷದ ಮಾತು. "ಎದ್ದೋಗಿದ್ದು ನಾನು ಕಣೋ," ಎಂದಿದ್ದಳು. "ಬರೆಯೋನಲ್ವಾ ನೀನು, ಸರಿಯಾಗಿ ಬರ್ಕೋ. ಒಂದೇ ಸಲ ಹೇಳ್ತೀನಿ. ಎರಡ್ನೇ ಸಲ ಕೇಳಿದ್ರೆ ಹೇಳಲ್ಲ."

ಫೋನಿನಲ್ಲಿ ರೆಕಾರ್ಡ್ ಮಾಡಿ, ಅಲ್ಲೇ ಲ್ಯಾಪ್‌ಟಾಪಿಗೆ ಇಳಿಸಿ, ಜಾಗವಿಲ್ಲವೆಂದು ಫೋನಿನಿಂದ ಅಳಿಸಿದ್ದೆ. ಹೇಗೂ ಫೋನು ಕೇಳಿಸಿಕೊಳ್ಳುತ್ತಿದೆಯಲ್ಲ ಎಂದುಕೊಂಡು, ಅವಳು ಹೇಳುವಾಗ ನಾನು ಕೇಳಿಸಿಕೊಂಡಿರಲಿಲ್ಲ. ಮುಂದಿನ ಪ್ರಶ್ನೆಗೆ ಚಂದದ ಪದ ಹುಡುಕುತ್ತಿದ್ದೆ.

ಚಿಂತಾಮಣಿಯ ನನ್ನ ಕೋಣೆಯಲ್ಲಿ ರಿಪೇರಿ ಶುರುವಾಯಿತು. ಲ್ಯಾಪ್‌ಟಾಪಿನ ಸ್ಪೀಕರ್ ಹಿಂದೆಯೇ ಕಾಫಿ ಕುಡಿದು ಸತ್ತಿತ್ತು, ಹೆಡ್‌ಫೋನೊಂದೇ ಗತಿ. ಸೆಟ್ಟಿಂಗ್ಸಿನಲ್ಲಿ ಎಡಬಲದ ಗೀಟುಗಳನ್ನು ಅತ್ತಿತ್ತ ಎಳೆದೆ. ರೀಸ್ಟಾರ್ಟ್ ಮಾಡಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಹೊಸ ಹೆಡ್‌ಫೋನ್ ತಂದೆ. ಅದರಲ್ಲಿ ನನ್ನ ದನಿ ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿತು. ಒಂದು ಸಿನಿಮಾ ಹಾಡು ಹಾಕಿ ಪರೀಕ್ಷಿಸಬಹುದಿತ್ತು. ರೆಕಾರ್ಡಿಂಗನ್ನು ವಾಪಸ್ ಫೋನಿಗೆ ಹಾಕಿ ಕೇಳಬಹುದಿತ್ತು. ಎರಡೂ ಹೊಳೆಯಲಿಲ್ಲ. ಹೊಳೆದದ್ದು ಒಂದು ಸಿದ್ಧಾಂತ: ನೆನಪೆಂದರೆ ಇದೇ, ಹೇಳಿದವಳು ಅಳಿಸಿಹೋಗಿ ಕೇಳಿದವನು ಉಳಿಯುತ್ತಾನೆ. ಎರಡು ದಿನ ಆ ವಾಕ್ಯದ ಮೇಲೆ ಖುಷಿಯಾಗಿ ಬದುಕಿದೆ. ಆಮೇಲೆ, ಅಚ್ಚುಕಟ್ಟಾದ ನೆನಪನ್ನು ನಂಬಬೇಡಿ ಎಂದು ಸಿಕ್ಕಸಿಕ್ಕಲ್ಲಿ ಭಾಷಣ ಮಾಡುವ ನಾನು, ಒಂದೇ ಪಟ್ಟಿಗೆ ಕೂತು ನಾಲ್ಕು ಪುಟ ಅಚ್ಚುಕಟ್ಟಾಗಿ ನೆನಪಿಸಿಕೊಂಡು ಬರೆದೆ.

ಹುಳುವಿನ ಮುಂದಿನ ಬೆಳೆಯ ಹೊತ್ತಿಗೆ ಅದನ್ನು ಓದಿಹೇಳಲು ಹೋದೆ. ಹುಳು ಕೊನೆಯ ಹಂತದಲ್ಲಿತ್ತು. ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ಹುಳುವನ್ನು ಕೂಡಲೇ ಆಯ್ದು, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು. ಆಗ ಆ ಮನೆಯಲ್ಲಿ ಯಾರ ಮುಂದೆಯೂ ಯಾರೂ ಕೂರುವುದಿಲ್ಲ. ದೊಡ್ಡಮ್ಮ ಹುಳುಮನೆಯ ಬಾಗಿಲಿನ ಮೇಲೆ ಒಂದು ಕಣ್ಣಿಟ್ಟೇ ಕೂತಳು. ಓದಿದೆ. "ಅವಳು ಕಿಟಕಿಗೆ ಹಣೆ ಹಚ್ಚಿ ಅತ್ತಳು. ಗೂಡಿನ ಹುಳುವಿನಂತೆ ಅವಳೂ ಬಂದಿ..."

"ಯಾವ ಕಿಟ್ಕೀನಪ್ಪಾ? ಆ ಮನೇಗೆ ಕಿಟ್ಕಿ ಎಲ್ಲಿತ್ತು?"

"ಅದು..."

"ಅಳು ಯಾರ್ದು? ನಿಂದಾ?"

"ರೆಕಾರ್ಡು ಕೇಳಿಸ್ತಿಲ್ಲ ದೊಡ್ಡಮ್ಮ. ಲ್ಯಾಪ್‌ಟಾಪ್ ಕೆಟ್ಟೈತೆ."

"ಕೊಡಿಲ್ಲಿ."

ರೇಷ್ಮೆಗೂಡನ್ನು ಪರೀಕ್ಷಿಸುವಂತೆ ಲ್ಯಾಪ್‌ಟಾಪನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ನಾನು ನಕ್ಕೆ. ಆಮೇಲೆ ಅದನ್ನು ಬೆಳಕಿಗೆ ಓರೆಮಾಡಿ, ಹೆಡ್‌ಫೋನ್ ಚುಚ್ಚುವ ತೂತಿಗೆ ಕಣ್ಣಿಟ್ಟು, ಬಳೆಯಿಂದ ಪಿನ್ನು ಬಿಚ್ಚಿ ಮೀಟಿದಳು. ಬಿಳೀ ಎಳೆಯೊಂದು ಬಂತು. ಎಳೆದಳು. ಬರುತ್ತಲೇ ಇತ್ತು.

"ಥೂ ನಿನ್ ಓದಿಗಿಷ್ಟು! ಅವತ್ತು ಗೂಡಿನ ಮೇಲಿನ ಜುಂಗು ನೂಲು ಬಿಡಿಸ್ತಾ ಕೂತಿದ್ವಲ್ಲ, ಆ ರಾಶಿ ಮೇಲೆ ಇದನ್ನ ಇಡಬ್ಯಾಡ ಇಡಬ್ಯಾಡ ಅಂತ ಬಡ್ಕೊಂಡೆ."

ಈ ಸಲ ಹೆಡ್‌ಫೋನು ಟಕ್ಕೆಂದು ಕೂತಿತು. ಪೂರ್ತಿ ಒಳಗೆ ಹೋಗದಿದ್ದರೆ ಎರಡೂ ಕಡೆ ಸಮನಾಗಿ ಬರುವ ನಡುವಿನ ದನಿ ಮಾಯವಾಗಿ ಅಂಚಿನ ಸದ್ದು ಮಾತ್ರ ಉಳಿಯುತ್ತದಂತೆ. ಇದನ್ನು ಆಮೇಲೆ ಓದಿಕೊಂಡೆ. ಅವತ್ತು ಫೋನಿನ ನಡುವಿಗೆ ನೇರವಾಗಿ ಕೂತವಳು ಅವಳು, ತುದಿಗೆ ಅಂಟಿಕೊಂಡವನು ನಾನು.

ಒಂದು ಬದಿ ಅವಳ ಕಿವಿಗೆ, ಇನ್ನೊಂದು ನನ್ನದಕ್ಕೆ. ಅವಳು ನಗುನಗುತ್ತಾ ಹೇಳುತ್ತಿದ್ದಳು: "ಹುಳ ಹಣ್ಣಾಗಿತ್ತು. ಗಂಡಿನೋರ ಮುಂದೆ ಕೂತ್ಕೋ ಅಂತಾರೆ ಮನೇಲಿ. ನೆಂಟ್ರು ಕಾದ್ರೆ ಸಾಯಲ್ಲ, ಹುಳ ಕಾಯುತ್ತಾ? ಎದ್ದೋದೆ. ಹುಡುಗ ಚೆನ್ನಾಗೇ ಇದ್ದ ಕಣೋ. ಹಿಂದೇನೇ ಬಂದು ನಾಕು ಹುಳ ಆಯ್ದಿದ್ರೆ ಒಪ್ಕೊಂಡ್ಬಿಡ್ತಿದ್ದೆ. ಬಾಗ್ಲು ಕಡೆ ನೋಡ್ತಾನೇ ಇದ್ದೆ..."

ಅಲ್ಲಿಗೆ ಸರಿಯಾಗಿ, ಗಂಭೀರವಾಗಿ, ನಾನು: "ಬಹಳ ನೋವಾಗಿರಬೇಕಲ್ಲ?"

ಆಮೇಲೆ ಕೋಳಿ. ಬೈಕು.

ದೊಡ್ಡಮ್ಮ ಹೆಡ್‌ಫೋನ್ ಕಿತ್ತಿಟ್ಟಳು. "ಇಲ್ಲಿ ನೀನು ಬಾಯ್ ಮುಚ್ಕೊಂಡಿದ್ದಿದ್ರೆ ಇನ್ನೂ ಹೇಳ್ತಿದ್ದೆ."

"ಏನು?"

"ಎರಡ್ನೇ ಸಲ ಕೇಳಬ್ಯಾಡ ಅಂದಿದ್ನಲ್ಲ."

ಒಳಗಿನಿಂದ ಅವಳ ಸೊಸೆ ಕೂಗಿದಳು: "ಅತ್ತೇ, ಹಣ್ಣಾಗ್ತೈತೆ!" ದೊಡ್ಡಮ್ಮ ನನ್ನನ್ನೂ ನನ್ನ ನಾಲ್ಕು ಪುಟವನ್ನೂ ಬಿಟ್ಟು ಎದ್ದು ಹೋದಳು.

ತಕ್ಷಣ ಹಿಂದೆಯೇ ಹೋದೆ ಎಂದು ಬರೆಯಲು ಆಸೆ. ಇಲ್ಲ, ಮೊದಲು ರೆಕಾರ್ಡಿಂಗಿನ ಎರಡು ನಕಲು ಮಾಡಿಕೊಂಡೆ. ಆಮೇಲೆ ಫೋನು, ಲ್ಯಾಪ್‌ಟಾಪು ಎರಡನ್ನೂ ಚೀಲದಲ್ಲಿಟ್ಟು ಒಳಗೆ ಹೋದೆ. ಹಣ್ಣಾದದ್ದು ಯಾವುದೆಂದು ಕೇಳಲು ಬಾಯಿ ತೆರೆದವನು ಮುಚ್ಚಿದೆ. ಅವಳ ಕೈ ನೋಡಿ ಆಯ್ದೆ. ನಾನು ಆಯ್ದದ್ದರಲ್ಲಿ ಅರ್ಧವನ್ನು ಅವಳು ಮತ್ತೆ ಸೊಪ್ಪಿನ ಮೇಲೆ ಬಿಟ್ಟಳು.

ಒಂದು ತಟ್ಟೆ ತುಂಬಿದ ಮೇಲೆ, ಹುಳುವಿನಿಂದ ಕಣ್ಣೆತ್ತದೆ, ತಾನಾಗಿ ಅಂದಳು: "ಆ ಹುಡುಗ ಬಾಗ್ಲ ತಂಕ ಬಂದಿದ್ದ ಕಣೋ."

ನಾನು ಹೂಂ ಕೂಡ ಅನ್ನಲಿಲ್ಲ.